ಚಾಪೆ ಎತ್ತಿದ ಕೈ

ಅಂಗಳದ ಹವಳದ ಜಲ್ಲಿ ಯಾರದೋ ಮಂಡಿಯ ಕೆಳಗೆ ಸಣ್ಣಗೆ ಕರಕರ ಎಂದಿತು. ಅರ್ಧರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಮೊಯೆಲಾಂಗಿ ಎಚ್ಚರವಾಗಿಯೇ ಇದ್ದಳು, ಆದರೆ ಕಣ್ಣು ತೆರೆಯಲಿಲ್ಲ. ಹೆಜ್ಜೆಯ ಸದ್ದು ಬೇರೆ, ಹಂದಿ ಮೂತಿಯಿಂದ ಕೆದಕುವ ಸದ್ದು ಬೇರೆ; ಇದು ಮೈಯ ಭಾರವನ್ನು ಮೆಲ್ಲಗೆ, ಕದ್ದಂತೆ, ನೆಲಕ್ಕೆ ಇಳಿಸುವ ಸದ್ದು. ಒಂದಾದ ಮೇಲೆ ಒಂದು. ನಡುವೆ ಯಾರೋ ಕೆಮ್ಮನ್ನು ಅಂಗೈಯಲ್ಲಿ ಹಿಡಿದು ನುಂಗಿದರು. ಬಂದರು, ಎಂದುಕೊಂಡಳು. ಮಗಳನ್ನು ಮಣ್ಣು ಮಾಡಿ ಇನ್ನೂ ಒಂದು ಭಾನುವಾರ ಕಳೆದಿರಲಿಲ್ಲ. ಗಾಡಿ ಹರಿಸಿದವನ ಮನೆತನದವರು ಕ್ಷಮೆ ಬೇಡಲು ಬಂದೇ ಬರುತ್ತಾರೆಂದು ಊರಿಗೆಲ್ಲ ಗೊತ್ತಿತ್ತು, ಯಾವತ್ತು ಎಂಬುದು ಮಾತ್ರ ಗೊತ್ತಿಲ್ಲದವರಂತೆ ಎಲ್ಲರೂ ಮುಖ ಮಾಡಿಕೊಂಡಿದ್ದರು. ನಿನ್ನೆ ಸಂಜೆ ಭಾವ ಸೋಲೋಮೋನಾ ನಾಯಿಗಳನ್ನೆಲ್ಲ ಹಿತ್ತಿಲಿನ ಮರಕ್ಕೆ ಕಟ್ಟಿಸಿದಾಗಲೇ ಅವಳಿಗೆ ಹೊಳೆಯಬೇಕಿತ್ತು. ಹೊಳೆದಿತ್ತು.

ಸೊಳ್ಳೆಪರದೆಯ ಒಳಗೆ ಪಕ್ಕದಲ್ಲಿ ಗಂಡ ತವಿತಾನ ಉಸಿರು ನಿಂತಿತು. ಅವನೂ ಕೇಳಿಸಿಕೊಂಡಿದ್ದ.

"ಎದ್ದಿದ್ದೀಯಾ?" ಅಂದ.

"ಇಲ್ಲ."

"ಹಾಗಾದ್ರೆ ಮಲಕ್ಕೋ. ಬೆಳಗಾಗ್ಲಿ. ಅಣ್ಣ ನೋಡ್ಕೋತಾನೆ."

ಅಣ್ಣ ನೋಡಿಕೊಳ್ಳುತ್ತಾನೆ. ಮದುವೆಯಾದಾಗಿನಿಂದ ಅವಳು ಕೇಳುತ್ತ ಬಂದ ಮಾತು. ಮನೆತನದ ಯಜಮಾನಿಕೆಯ ಹೆಸರು ಸೋಲೋಮೋನಾನದು. ಜಮೀನು ಯಾರು ಉಳಬೇಕು, ಮದುವೆಗೆ ಎಷ್ಟು ಹಂದಿ ಕೊಡಬೇಕು, ಸತ್ತವರನ್ನು ಮನೆಯ ಮುಂದೆ ಎಲ್ಲಿ ಹೂಳಬೇಕು, ಎಲ್ಲವನ್ನೂ ಅವನೇ ನೋಡಿಕೊಂಡಿದ್ದ. ಮಗಳು ತಲಿಟಾಳ ಗುಂಡಿಗೆ ಜಾಗ ತೋರಿಸಿದವನೂ ಅವನೇ, ಮನೆಯ ಮುಂದಿನ ಕಂಬಗಳಿಗೆ ಎದುರಾಗಿ, ಮಾವನ ಗೋರಿಯ ಪಕ್ಕ. "ಮಗು ಒಂಟಿಯಾಗಬಾರದು" ಎಂದಿದ್ದ. ಎಷ್ಟು ಒಳ್ಳೆಯ ಮಾತು. ಒಳ್ಳೆಯ ಮಾತುಗಳನ್ನೆಲ್ಲ ಬೇರೆಯವರು ಆಡಿ ಮುಗಿಸಿದ ಮೇಲೆ ತಾಯಿಗೆ ಉಳಿಯುವುದೇನು ಎಂದು ಆ ದಿನ ಅವಳು ಯೋಚಿಸಿದ್ದಳು, ಗುಂಡಿಯ ಅಂಚಿನಲ್ಲಿ, ಕಪ್ಪು ಮಣ್ಣಿನಿಂದ ಎರೆಹುಳ ಒಂದು ಹೊರಬಂದು ಮತ್ತೆ ಒಳಗೆ ಹೋಗುವುದನ್ನು ನೋಡುತ್ತ.

ಬೆಳಕು ಬಂದಾಗ ಅವಳು ಎಣಿಸಲಿಲ್ಲ, ಆದರೆ ಅಂಗಳ ತುಂಬಿತ್ತು. ಗಂಡಸರು, ಹೆಂಗಸರು, ಎಲ್ಲರೂ ತಲೆ ತಗ್ಗಿಸಿ ಮಂಡಿಯೂರಿದ್ದರು. ಮುಂದೆ ಒಂದು ಕಟ್ಟು ಸೌದೆ, ಒಲೆಗೆ ಇಡುವ ಕರಿಗಲ್ಲುಗಳು: ಬೇಕಾದರೆ ನಮ್ಮನ್ನೇ ಸುಟ್ಟು ತಿನ್ನಿ ಎಂದು. ಅದರ ಹಿಂದೆ ಹಳೆಯ ನವಿರು ಚಾಪೆ, ರೇಷ್ಮೆಯಷ್ಟು ಮೆತ್ತಗಾಗಿ ಬಣ್ಣ ಬಿಟ್ಟದ್ದು, ಅಂಚಿಗೆ ಕೆಂಪು ಗರಿಗಳು. ಚಾಪೆಯ ಕೆಳಗೆ ಎರಡು ಉಬ್ಬು. ದೊಡ್ಡದು ಅವರ ಮನೆತನದ ಯಜಮಾನ. ಅದರ ಪಕ್ಕದ ಚಿಕ್ಕದು ಅಪೇಲು, ಕುಡಿದು ಗಾಡಿ ಓಡಿಸಿದವನು. ಜಾಮೀನಿನ ಮೇಲೆ ಬಿಟ್ಟಿದ್ದರು. ಅಪೇಲು, ಅಂದರೆ ಬೈಬಲಿನ ಹೇಬೆಲ, ಅಣ್ಣನ ಕೈಯಲ್ಲಿ ಸತ್ತವನು. ಕೊಂದವನಿಗೆ ಕೊಲ್ಲಿಸಿಕೊಂಡವನ ಹೆಸರು. ದೇವರ ತಮಾಷೆಗಳು ಅವಳಿಗೆ ಮೊದಲಿನಿಂದಲೂ ಅರ್ಥವಾಗುತ್ತಿರಲಿಲ್ಲ, ಆದರೂ ಹದಿನೈದು ವರ್ಷದಿಂದ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಅವನ್ನೇ ಕಲಿಸುತ್ತಿದ್ದಳು.

ದ್ವೀಪದ ಹಳೆಯ ಮನೆಗಳಂತೆ ಗೋಡೆಯಿಲ್ಲದ ಮನೆ. ಕಂಬಗಳ ನಡುವಿನ ತೆರೆಗಳನ್ನು ಎತ್ತಿ ಕಟ್ಟಿದರೆ ಒಳಗಿನವರಿಗೆ ಅಂಗಳ, ಅಂಗಳದವರಿಗೆ ಒಳಗು, ಎಲ್ಲ ಕಾಣುತ್ತದೆ. ಮೊಯೆಲಾಂಗಿ ಒಂದು ತೆರೆಯನ್ನು ಮಾತ್ರ ಇಳಿಬಿಟ್ಟು ಅದರ ಸೀಳಿನಿಂದ ನೋಡಿದಳು. ಮಂಡಿಯೂರಿದವರಲ್ಲಿ ಒಬ್ಬ ಹೆಂಗಸಿನ ಹಿಮ್ಮಡಿ ಮಗಳ ಗೋರಿಯ ಹಸಿ ಸಿಮೆಂಟಿಗೆ ಇನ್ನೇನು ತಾಕಬೇಕು, ಹಾಗಿತ್ತು. ತಾಕಿದರೆ ಗುರುತು ಉಳಿಯುತ್ತದೆ. ತಾಕಲಿ, ಎಂದುಕೊಂಡಳು. ತಾಕಿದರೆ ಅದೊಂದು ಕಾರಣವಾಗುತ್ತದೆ. ಆದರೆ ಆ ಹೆಂಗಸು ಜಾಗರೂಕಳು. ಮೈ ಜೋಮು ಹಿಡಿದಾಗಲೂ ಕಾಲನ್ನು ಮುಂದಕ್ಕೇ ಎಳೆದುಕೊಳ್ಳುತ್ತಿದ್ದಳು. ಅಪೇಲುವಿನ ತಾಯಿ ಸೇಲಾ. ಸಂತೆಯಲ್ಲಿ ಕೋಕೋ ಮಾರುವವಳು. ಅವಳಿಂದ ಎಷ್ಟೋ ಸಲ ಕೊಂಡದ್ದುಂಟು. ಬೆರಳಿಗೆ ಅಂಟಿದ ಕೋಕೋ ಪುಡಿಯನ್ನು ತಲಿಟಾಳ ಮೂಗಿಗೆ ಹಚ್ಚಿ ನಗಿಸಿದ್ದಳು ಒಮ್ಮೆ.

ಮೊಯೆಲಾಂಗಿಯ ಕೈಯಲ್ಲಿ ಉಳಿದದ್ದು ಒಂದೇ: ಇಲ್ಲ ಎನ್ನುವುದು. ಈ ಮನೆಯ ಯಜಮಾನ ಚಾಪೆ ಎತ್ತಿದ ಕ್ಷಣಕ್ಕೆ ಮನೆಯ ಪ್ರತಿಯೊಬ್ಬರೂ ಕ್ಷಮಿಸಿದಂತೆ, ಅವಳೂ. ಆಮೇಲೆ ಆ ಹೆಸರನ್ನು ಕಹಿಯಾಗಿ ಆಡುವಂತಿಲ್ಲ. ಬಸ್ಸಿನಲ್ಲಿ ಎದುರಾದರೆ ನಗಬೇಕು. ನ್ಯಾಯಾಧೀಶನೂ ಮೊದಲು ಕೇಳುವುದು ಚಾಪೆ ಎತ್ತಿದರೇ ಎಂದೇ. ಎತ್ತದಿದ್ದರೆ? ಹಾಗೂ ನಡೆದದ್ದುಂಟು, ಅವಳ ಅಜ್ಜಿಯ ಕಾಲದಲ್ಲಿ. ಸಂಜೆಯವರೆಗೆ ಬಿಸಿಲಲ್ಲಿ ಕೂತು ಎದ್ದು ಹೋದ ಮನೆತನದ ಕಥೆಯನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದರು, ಯಾರೋ ಬೆತ್ತಲಾದ ಕಥೆಯಂತೆ. ಬೆತ್ತಲಾದವರು ಎದ್ದು ಹೋದವರೋ, ಒಳಗೆ ಕೂತವರೋ, ಅಜ್ಜಿ ಹೇಳಿರಲಿಲ್ಲ.

ಒಳಗೆ ಪಾದ್ರಿ ಬಂದು ಕೂತಾಗಿತ್ತು. ಅತ್ತೆ ಕೋಕೋ ಬಗ್ಗಿಸುತ್ತಿದ್ದಳು. ಸೋಲೋಮೋನಾ ಬಿಸ್ಕತ್ತನ್ನು ಲೋಟದಲ್ಲಿ ಅದ್ದಿ, ಅದು ಮುರಿದು ಒಳಗೆ ಬೀಳುವ ಮುಂಚೆ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಪೂರ್ತಿ ಮನಸ್ಸಿಟ್ಟಿದ್ದ.

"ಬಿಸಿಲು ಏರ್ತಾ ಇದೆ, ಬೋಧಕರೇ," ಎಂದ. "ಇನ್ನೊಂದು ಸ್ವಲ್ಪ ಕೂರಲಿ. ತೀರಾ ಬೇಗ ಎತ್ತಿದ್ರೆ ನಮ್ಮ ಮಗುವಿಗೆ ಬೆಲೆನೇ ಇಲ್ವಾ ಅಂತಾರೆ. ತೀರಾ ತಡವಾದ್ರೆ ನನ್ನ ಹಡಗು ತಪ್ಪುತ್ತೆ. ಆಪಿಯಾದಲ್ಲಿ ಮಧ್ಯಾಹ್ನ ಸಭೆ."

"ಆ ಮುದುಕ ನೋಡೋ, ಚಾಪೆ ಕೆಳಗೆ ಬೆನ್ನು ನಡುಗ್ತಿದೆ," ಅತ್ತೆ ಅಂದಳು. "ಅವನ ಸೊಂಟ ಮೊದಲೇ ಸರಿಯಿಲ್ಲ. ನಮ್ಮ ಅಂಗಳದಲ್ಲೇ ಸತ್ತರೆ ನಾವು ಹೋಗಿ ಅವರ ಅಂಗಳದಲ್ಲಿ ಕೂರಬೇಕಾಗುತ್ತೆ."

ತವಿತಾ ನಕ್ಕುಬಿಟ್ಟ. ಆಮೇಲೆ ಹೆಂಡತಿಯ ಕಡೆ ನೋಡಿ ಲೋಟದೊಳಗೆ ಮುಖ ಇಳಿಸಿದ.

"ನನ್ನನ್ನ ಯಾರೂ ಕೇಳೋದಿಲ್ವಾ?" ಎಂದಳು ಮೊಯೆಲಾಂಗಿ. ಗಟ್ಟಿಯಾಗಿ ಹೇಳಬೇಕೆಂದಿದ್ದಳು, ಬಂದ ದನಿ ಇನ್ನಷ್ಟು ಸಕ್ಕರೆ ಬೇಕೇ ಎಂದು ಕೇಳುವವಳದಾಗಿತ್ತು.

ಸೋಲೋಮೋನಾ ಬಿಸ್ಕತ್ತನ್ನು ಮರೆತ. ಅದು ಮುರಿದು ಬಿತ್ತು. ಪಾದ್ರಿ ತಮ್ಮ ಬಿಳಿ ಅಂಗಿಯ ಕಾಲರನ್ನು ಬೆರಳಿನಿಂದ ಸಡಿಲಿಸಿಕೊಂಡು, ರೋಗಿಯ ಹತ್ತಿರ ಮಾತಾಡುವವರಂತೆ ಮುಂದಕ್ಕೆ ಬಾಗಿದರು. "ಕೇಳೋದೇನಿದೆ ತಾಯಿ? ನಾವು ಬಿಟ್ಟುಕೊಟ್ಟರೆ ಮೇಲಿರೋನು ನಮಗೆ ಬಿಟ್ಟುಕೊಡ್ತಾನೆ. ಇದನ್ನ ನನಗಿಂತ ಚೆನ್ನಾಗಿ ಮಕ್ಕಳಿಗೆ ಹೇಳೋರು ನೀವೇ ಅಲ್ವೇ?"

ಹೌದು, ಅವಳೇ. ಬಣ್ಣದ ಚಿತ್ರ ಹಿಡಿದು, ಇದು ಸಾಲಗಾರ ಸೇವಕ, ಇದು ರಾಜ, ಎಂದು. ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಮಲಗಿದಂತೆ ಕೂತು ತಲಿಟಾ ಕೇಳಿದ್ದಳು: "ಅಮ್ಮಾ, ಎಷ್ಟು ದಿನದೊಳಗೆ ಕ್ಷಮಿಸಬೇಕು ಅಂತ ಏನಾದ್ರೂ ಇದೆಯಾ?" ಮಕ್ಕಳೆಲ್ಲ ನಕ್ಕಿದ್ದರು. ನಾನು ಏನು ಹೇಳಿದ್ದೆ? ನೆಟ್ಟಗೆ ಕೂರು ಅಂದಿದ್ದೆ. ಮೊಯೆಲಾಂಗಿ ಬರಿದಾದ ಲೋಟಗಳನ್ನು ಎತ್ತಿಕೊಂಡು ಎದ್ದಳು, ಏಕೆಂದರೆ ಮುಂದಿನ ನೆನಪು ಬರುತ್ತಿತ್ತು, ಕೂತಿದ್ದರೆ ಎಲ್ಲರೆದುರು ಬಂದುಬಿಡುತ್ತಿತ್ತು. ಬಿಳಿ ರವಿಕೆ. ಪ್ರಭುಭೋಜನದ ಭಾನುವಾರಕ್ಕೆಂದು ಅವಳು ಎತ್ತಿಟ್ಟಿದ್ದ, ಕುತ್ತಿಗೆಗೆ ಕಸೂತಿಯಿದ್ದ ರವಿಕೆಯನ್ನು ತಲಿಟಾ ಹೇಳದೆ ಹಾಕಿಕೊಂಡು ಹೋಗಿ, ಮಾವಿನ ರಸದ ಕಲೆ ಮಾಡಿಕೊಂಡು ಬಂದು, ನಾನಲ್ಲ ಎಂದಿದ್ದಳು. ಅವಳು ಮಗಳ ಜೊತೆ ಮಾತು ಬಿಟ್ಟಳು. ಕಲೆಗಾಗಿ ಅಲ್ಲ, ಸುಳ್ಳಿಗಾಗಿ, ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ಬಿಟ್ಟ ಮನೆಯಲ್ಲಿ ಒಂದು ಸುಖವೂ ಇತ್ತು, ಅದನ್ನು ಈಗ ಯಾರಿಗೆ ಹೇಳುವುದು? ಹುಡುಗಿ ಹಿಂದೆ ಹಿಂದೆ ಬರುವುದು, ಕೇಳದೆಯೇ ಪಾತ್ರೆ ತೊಳೆಯುವುದು. ಆ ಸಂಜೆ ಹಾಡಿನ ಅಭ್ಯಾಸಕ್ಕೆ ಹೊರಟವಳು ಕಂಬಕ್ಕೆ ಆತುಕೊಂಡು, "ಅಮ್ಮಾ, ತಪ್ಪಾಯ್ತು," ಅಂದಳು. ಮೊಯೆಲಾಂಗಿ ಇಸ್ತ್ರಿ ಮಾಡುತ್ತಿದ್ದಳು. ತಿರುಗಲಿಲ್ಲ. "ಹೋಗು. ಆಮೇಲೆ ನೋಡೋಣ." ಇನ್ನೊಂದು ದಿನ ಕಾಯಿಸಬೇಕೆಂದಿದ್ದಳು. ಒಂದೇ ದಿನ. ಪಾಠ ಕಲಿಯಲಿ ಎಂದು.

ಆಮೇಲೆ ಎನ್ನುವುದನ್ನು ಅಪೇಲುವಿನ ಗಾಡಿ ರಸ್ತೆಯ ತಿರುವಿನಲ್ಲಿ ಒರೆಸಿಕೊಂಡು ಹೋಗಿತ್ತು. ನನ್ನ ಮಗು ಬೆನ್ನ ಹಿಂದೆ ನಿಂತು ಕೇಳಿದ್ದು ಅವಳಿಗೆ ಸಿಗಲಿಲ್ಲ. ಇವನಿಗೆ ಒಂದು ಬೆಳಗಿನಲ್ಲಿ, ಹಡಗು ಹೊರಡುವ ಮುಂಚೆ, ಸಿಗಬೇಕೇ? ಇವನಿಗೆ ಕೊಟ್ಟುಬಿಟ್ಟರೆ ಅವಳಿಗೆ ಕೊಡದೇ ಇದ್ದದ್ದು ಏನಾಗುತ್ತದೆ? ಮಗಳಿಗೊಂದು ತೂಕ, ಮಗಳನ್ನು ಕೊಂದವನಿಗೊಂದು ತೂಕವೇ? ಇದು ಧರ್ಮದ ಪ್ರಶ್ನೆ ಎಂದು ಅವಳಿಗೆ ಅನಿಸಲಿಲ್ಲ.

ಗೋರಿಯ ಸುತ್ತ ನೆಟ್ಟ ಬಣ್ಣದೆಲೆಯ ಗಿಡಗಳು ಬಾಡಿದ್ದವು. ಅವಳು ಬಕೆಟ್ಟಿನಲ್ಲಿ ನೀರು ಹಿಡಿದು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ, ಮಗಳ ಗಿಡಕ್ಕೆ ನೀರು ಹಾಕುವ ತಾಯಿಯನ್ನು ಯಾರು ತಡೆದಾರು? ಅವಳಿಗೂ ಆಗ ಬೇರೆ ಉದ್ದೇಶವಿರಲಿಲ್ಲ. ಮಂಡಿಯೂರಿದವರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ತಗ್ಗಿದ ತಲೆಗಳು ಇನ್ನಷ್ಟು ತಗ್ಗಿದವು, ಎಣ್ಣೆಯ ಮತ್ತು ಬೆವರಿನ ವಾಸನೆ ಬಂತು. ಅವರಲ್ಲಿ ಕೆಲವರು ಅಳುತ್ತಿದ್ದರು. ಚಾಪೆಯ ಪಕ್ಕಕ್ಕೆ ಬಂದಾಗ ಅದರ ಕೆಳಗಿನಿಂದಲೂ ಸದ್ದು ಬಂತು. ಅವನೂ ಅಳುತ್ತಿದ್ದಾನೆ ಎಂದುಕೊಂಡಳು. ಆ ಯೋಚನೆಯಿಂದ ತನ್ನೊಳಗೆ ಏನೋ ಸಡಿಲವಾಗಲು ಶುರುವಾದದ್ದು ಅವಳಿಗೆ ಭಯ ಹುಟ್ಟಿಸಿತು. ನಿಂತು ಕಿವಿಗೊಟ್ಟಳು. ಅಳು ಏರುತ್ತದೆ, ಇಳಿಯುತ್ತದೆ, ಎಡವುತ್ತದೆ. ಇದು ಎಡವುತ್ತಿರಲಿಲ್ಲ. ಒಂದೇ ಸಮನೆ ಎಳೆದು, ಒಂದೇ ಸಮನೆ ಬಿಡುತ್ತಿತ್ತು.

ನೋಡಬೇಕು, ಅಷ್ಟೇ. ಬಕೆಟ್ಟು ಕೆಳಗಿಟ್ಟು, ಕೆಂಪು ಗರಿಯ ಅಂಚನ್ನು ಹಿಡಿದು ಮೇಲೆತ್ತಿದಳು.

ಅಪೇಲು ನಿದ್ದೆ ಮಾಡುತ್ತಿದ್ದ. ಮಂಡಿಯೂರಿದ ಹಾಗೆಯೇ ಮುಂದಕ್ಕೆ ಕುಸಿದು, ಮಡಿಸಿದ ಚಾಪೆಯ ಅಂಚಿನ ಮೇಲೆ ಕೆನ್ನೆಯಿಟ್ಟು, ಬಾಯಿ ಅರೆತೆರೆದು. ತುಟಿಯ ಮೂಲೆಯಲ್ಲಿ ಜೊಲ್ಲು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬೆಳಕು ಬಿದ್ದು ಮುಖವನ್ನು ಆಚೆಗೆ ಹೊರಳಿಸಿದಾಗ ಕೆನ್ನೆಯ ಮೇಲೆ ಹೆಣಿಗೆಯ ಗೆರೆಗಳು, ಅಡ್ಡ, ನೇರ, ಕೆಂಪಗೆ ಒತ್ತಿದ್ದವು. ಬೆಳಿಗ್ಗೆ ಎಬ್ಬಿಸುವಾಗ ತಲಿಟಾಳ ಕೆನ್ನೆಯಲ್ಲೂ ಇದೇ ಗೆರೆಗಳು ಇರುತ್ತಿದ್ದವು. ಮೊಯೆಲಾಂಗಿಯ ಬಲಗೈ ಮೇಲೆದ್ದಿತ್ತು, ಹೊಡೆಯಲೆಂದೇ ಎದ್ದಿತ್ತು, ಅದರಲ್ಲಿ ಅವಳಿಗೆ ಆಮೇಲೂ ಅನುಮಾನ ಬರಲಿಲ್ಲ. ಆಗ ಅವನು ಕಣ್ಣು ತೆರೆದ. ತಾನು ಎಲ್ಲಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಅವಳನ್ನು ನೋಡಿ, ತಾಯಿ ಎಬ್ಬಿಸಿದರೆ ಮಕ್ಕಳು ಮಾಡುವಂತೆ, ಅರ್ಧ ನಕ್ಕ.

ಅಷ್ಟರಲ್ಲಿ ಅಂಗಳವೆಲ್ಲ ಒಂದೇ ಬಾಯಿಯಾಗಿ ಕೂಗಿತು. "ಎತ್ತಿದಳು! ತಾಯಿಯೇ ಎತ್ತಿದಳು!" ಯಜಮಾನ ಮುದುಕ ಅವಳ ಎತ್ತಿದ ಕೈಯನ್ನೇ ಹಿಡಿದು, ಎಳೆದು, ಕಣ್ಣಿಗೊತ್ತಿಕೊಂಡು ಗೊಳೋ ಎಂದ. ಹೆಂಗಸರು ಅವಳ ಕಾಲು ಹಿಡಿದರು. ಬಕೆಟ್ಟು ಉರುಳಿ ನೀರು ಜಲ್ಲಿಯೊಳಗೆ ಇಂಗಿತು. ಅಪೇಲುವಿನ ನಗು ಮುಖದ ಮೇಲೇ ಸತ್ತಿತು, ಈಗ ನೆನಪಾಗಿತ್ತು ಅವನಿಗೆ, ಈಗ ಅಳತೊಡಗಿದ, ಮತ್ತು ಎಲ್ಲರೂ ನೋಡಿದ್ದು ಆ ಅಳುವನ್ನೇ. ಅಲ್ಲ, ಎಂದಳು ಮೊಯೆಲಾಂಗಿ. ಹೇಳಿದಳೆಂದೇ ಅವಳ ನೆನಪು. ಪಾದ್ರಿ ಮೆಟ್ಟಿಲ ಮೇಲೆ ಹಾಡು ಎತ್ತಿಕೊಂಡಾಗಿತ್ತು. ಅಂಗಳದವರು ಒಳಗಿನವರು ಸೇರಿ ನಾಲ್ಕು ದನಿಯಲ್ಲಿ ಹಾಡಿದರು, ಎಷ್ಟು ಚೆನ್ನಾಗಿ ಹಾಡಿದರು. ಆ ಹಾಡಿನೊಳಗೆ ಒಂದು 'ಅಲ್ಲ' ಎಲ್ಲಿ ಕೇಳಿಸಬೇಕು? ಮೆಟ್ಟಿಲ ಮೇಲೆ ಸೋಲೋಮೋನಾ ಒಂದು ಗಳಿಗೆ ಬಾಯಿ ಬಿಟ್ಟು ನಿಂತಿದ್ದ. ಎತ್ತಬೇಕಾದವನು ಅವನು, ಅವನಿಗೆ ಸೇರಿದ್ದನ್ನು ಹೆಂಗಸೊಬ್ಬಳು ಕಿತ್ತುಕೊಂಡಿದ್ದಳು. ಆಮೇಲೆ ಎರಡೂ ತೋಳು ಚಾಚಿ, ತನ್ನದೇ ಏರ್ಪಾಡು ಎನ್ನುವಂತೆ, ಬನ್ನಿ, ಒಳಗೆ ಬನ್ನಿ, ಎಂದು ಕೂಗಿದ.

ಭಾಷಣಗಳು ಉದ್ದವಾದವು. ಅವಳನ್ನು ಎಂದೂ ಕೂರಿಸದ ಮುಂದಿನ ಕಂಬಕ್ಕೆ ಒರಗಿಸಿ ಕೂರಿಸಿದರು. ಎದುರು ಕಂಬದಲ್ಲಿ ಅಪೇಲು, ತಲೆ ತಗ್ಗಿಸಿ. ಮುದುಕ ಅತ್ತ, ತವಿತಾನೂ ಅತ್ತು ಹುಡುಗನನ್ನು ತಬ್ಬಿಕೊಂಡ. ಗಂಡನ ಬೆನ್ನು ಬೇರೆಯವನ ಮಗನ ತೋಳುಗಳ ನಡುವೆ ಕುಲುಕುವುದನ್ನು ನೋಡುತ್ತ ಅವಳಿಗೆ, ಇವನು ಅಳಲು ಜಾಗವಿಲ್ಲದೆ ಇಷ್ಟು ದಿನ ಕಾದಿದ್ದನೇ, ನನ್ನ ಹತ್ತಿರ ಯಾಕೆ ಬರಲಿಲ್ಲ, ಅನಿಸಿತು. ಅವಳ ಕಣ್ಣು ಮತ್ತೆ ಮತ್ತೆ ಹುಡುಗನ ಕೆನ್ನೆಗೆ ಹೋಗುತ್ತಿತ್ತು. ಗೆರೆಗಳು ಮಾಸುತ್ತಿದ್ದವು. ಪಾದ್ರಿ ಪ್ರಾರ್ಥನೆಗೆ ನಿಂತಾಗ ಇನ್ನೂ ಎರಡು ಇದ್ದವು.

"ನನ್ನ ಹಡಗು ತಪ್ಪಬಾರದು ಅಂತ ನನ್ನ ತಮ್ಮನ ಹೆಂಡತಿಗೆ ಎಷ್ಟು ಕಾಳಜಿ ನೋಡಿ!" ಎಂದ ಸೋಲೋಮೋನಾ, ಮಾತಿನ ಕೊನೆಗೆ. ಮನೆಯೆಲ್ಲ ನಕ್ಕಿತು. ಅತ್ತವರ ನಗು, ಒದ್ದೆಯಾದ, ಹಗುರಾದ ನಗು. ಅವಳ ತುಟಿಯೂ ಅಗಲವಾಯಿತು, ಆಗಬಾರದಿತ್ತು, ಆಯಿತು.

"ಈ ಭಾನುವಾರ ನಾನು ಬೇರೆ ಪ್ರಸಂಗ ಬರೆಯೋದಿಲ್ಲ," ಎಂದರು ಪಾದ್ರಿ. "ಒಂದು ಕೈಯ ಬಗ್ಗೆ ಮಾತಾಡ್ತೀನಿ. ಯಜಮಾನನಿಗೂ ಕಾಯದೆ ಓಡಿದ ಕೈ. ನೀವು ಮುಂದಿನ ಸಾಲಿನಲ್ಲಿ ಕೂರಬೇಕು ತಾಯಿ."

"ನಾನು ಅದಕ್ಕೆ..." ಎಂದಳು.

"ಗೊತ್ತು, ಗೊತ್ತು. ಹೊಗಳಿಕೆಗೆ ಅಂತ ನೀವು ಮಾಡಲಿಲ್ಲ."

ಊಟ ಬಂತು. ಬಿಸಿ ಕಲ್ಲಿನಲ್ಲಿ ಬೆಂದ ಹಂದಿ, ಕೆಸುವಿನ ಎಲೆಯಲ್ಲಿ ಕಟ್ಟಿದ ತೆಂಗಿನ ಹಾಲು, ದೀವಿಹಲಸು. ಅವರು ತಂದ ಹಂದಿಯ ಬೆನ್ನಿನ ತುಂಡು, ಯಜಮಾನರಿಗೆ ಹೋಗುವಂಥದು, ಅವಳ ಎಲೆಗೆ ಬಂತು. ಮುಟ್ಟಬಾರದೆಂದುಕೊಂಡಳು. ಆದರೆ ದಿನಗಟ್ಟಲೆ ಸರಿಯಾಗಿ ಉಣ್ಣದ ಬಾಯಿಗೆ ಉಪ್ಪಿನ ವಾಸನೆ ತಾಕಿದ್ದೇ ನೀರೂರಿತು. ತಿಂದಳು. ಚರ್ಮ ಕಟುಮ್ಮೆಂದಿತು. ಎಲ್ಲರೂ ಒಮ್ಮೆ ಅವಳತ್ತ ನೋಡಿ ಸಮಾಧಾನದಿಂದ ಕಣ್ಣು ತಿರುಗಿಸಿದರು. ತಲೆಯೆತ್ತಿದಾಗ ಅಪೇಲುವಿನ ಕೆನ್ನೆ ನುಣುಪಾಗಿತ್ತು. ಯಾವ ಗುರುತೂ ಇರಲಿಲ್ಲ. ಅವನೂ ತಿನ್ನುತ್ತಿದ್ದ.

ಹಿತ್ತಿಲಿನ ಅಡುಗೆಮನೆಯಲ್ಲಿ ಕೈ ತೊಳೆಯುವಾಗ ಹಿಂದೆ ಯಾರೋ ಬಂದು ನಿಂತರು. ಸೇಲಾ. ಮಂಡಿಯಲ್ಲಿ ಜಲ್ಲಿ ಒತ್ತಿದ ಗುಳಿಗಳು, ಒಂದರಲ್ಲಿ ರಕ್ತ.

"ಅಕ್ಕಾ, ಕೊಡಿ, ಪಾತ್ರೆ ನಾನು ತೊಳೀತೀನಿ."

"ಬೇಡ. ಅತಿಥಿಗಳು ನೀವು."

"ಎಂಥಾ ಅತಿಥಿ, ಬಿಡಿ ಅಕ್ಕಾ." ಸೇಲಾ ಕೂತು ತೆಂಗಿನ ನಾರು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ತೊಳೆದರು. "ಒಂದು ಕೇಳ್ಲಾ? ಬಯ್ಯಬಾರದು. ಚಾಪೆ ಎತ್ತಿದಾಗ ಮೊದಲು ನೋಡಿದ್ದು ನೀವು. ಅವನ ಮುಖದಲ್ಲಿ ಏನಿತ್ತು?"

ಮೊಯೆಲಾಂಗಿ ಇನ್ನೊಂದು ಪಾತ್ರೆ ಎಳೆದುಕೊಂಡಳು.

"ನನ್ನ ಹತ್ತಿರ ಅವನು ಏನೂ ಹೇಳಲ್ಲ ಅಕ್ಕಾ. ಆ ದಿನದಿಂದ ಒಂದು ಮಾತಿಲ್ಲ, ಒಂದು ರಾತ್ರಿ ಕಣ್ಣು ಮುಚ್ಚಿಲ್ಲ. ಮಲಗು ಮಗನೇ ಅಂದ್ರೆ ಕಂಬಕ್ಕೆ ತಲೆ ಕೊಟ್ಟು ಕೂತಿರ್ತಾನೆ ಬೆಳಗಿನವರೆಗೆ. ಪಶ್ಚಾತ್ತಾಪನೋ, ಭಯನೋ, ನನಗೆ ಗೊತ್ತಾಗ್ತಿಲ್ಲ. ಹೆತ್ತವಳಿಗೇ ಗೊತ್ತಾಗ್ತಿಲ್ಲ. ನೀವು ಏನೋ ಕಂಡಿರಬೇಕು. ಇಲ್ಲದಿದ್ರೆ ನಿಮ್ಮ ಕೈ ಹೇಗೆ ಬಂತು?"

ಹೇಳಬಹುದಿತ್ತು. ಎರಡೇ ಪದ: ನಿದ್ದೆ ಮಾಡುತ್ತಿದ್ದ. ಆ ಎರಡು ಪದ ಈ ಹೆಂಗಸಿನ ಮುಖದ ಮೇಲೆ ಕುದಿನೀರಿನಂತೆ ಬೀಳಬಹುದು: ನನ್ನ ಮಗಳ ಗೋರಿಯ ಬುಡದಲ್ಲಿ ನಿನ್ನ ಮಗ ಗೊರಕೆ ಹೊಡೆದ. ಅಥವಾ, ಅವಳು ನೋಡನೋಡುತ್ತ, ಅದೇ ಎರಡು ಪದ ತಂಪಾಗಿಯೂ ಬೀಳಬಹುದು: ಎಲ್ಲೂ ಬಾರದ ನಿದ್ದೆ ಅವನಿಗೆ ನನ್ನ ಅಂಗಳದಲ್ಲಿ ಬಂತು. ಎರಡೂ ನಿಜ. ಯಾವುದಾಗಿ ಬೀಳುತ್ತದೆ ಎಂಬುದು ಅವಳ ಕೈಯಲ್ಲಿ ಇರಲಿಲ್ಲ.

"ಕತ್ತಲಿತ್ತು," ಎಂದಳು. "ಏನೂ ಕಾಣಲಿಲ್ಲ."

ಚಾಪೆ ಎತ್ತಿದಾಗ ಬಿಸಿಲು ಕಂಬದ ಎತ್ತರಕ್ಕೆ ಏರಿತ್ತು. ಸೇಲಾ ಅವಳನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ತಲೆಯಾಡಿಸಿ ಪಾತ್ರೆಯ ತಳಕ್ಕೆ ನಾರು ಹಾಕಿ ಉಜ್ಜತೊಡಗಿದಳು. ಆ ಬಾಗಿದ ಕುತ್ತಿಗೆಯಲ್ಲಿ ಮತ್ತೇನೂ ಕೇಳಬಾರದೆಂದು ಅರಿತವಳ ಸೋಲನ್ನು ಕಂಡು ಮೊಯೆಲಾಂಗಿಗೆ ಒಂದು ಸಣ್ಣ ಸುಖವಾಯಿತು. ಆ ಸುಖದ ಪರಿಚಯ ಅವಳಿಗೆ ಇತ್ತು. ಎಲ್ಲಿಂದ ಎಂದೂ ಗೊತ್ತಿತ್ತು. ಬೂದಿ ನೀರಿನಲ್ಲಿ ಅವಳ ಬೆರಳುಗಳು ತಣ್ಣಗಾದವು.

ಹೊರಗೆ ಸೋಲೋಮೋನಾನನ್ನು ಬಂದರಿಗೆ ಬಿಡಲು ಅಪೇಲುವಿನ ಕಡೆಯವರೇ ಗಾಡಿ ಹೊರಡಿಸುತ್ತಿದ್ದರು. ಪಾದ್ರಿಯ ನಗು ಕೇಳಿಸಿತು. ಹೇಳಿದರೆ ಏನಾಗುತ್ತದೆಂದು ಅವಳು ಪೂರ್ತಿ ಯೋಚಿಸಿದಳು, ಪಾಠ ತಯಾರಿಸುವವಳ ಹಾಗೆ. ಮೊದಲು ಒಂದು ಮೌನ. ಹುಡುಗನಿಗೆ ಚಿಕ್ಕಪ್ಪಂದಿರಿಂದ ನಾಲ್ಕು ಏಟು. ಆಮೇಲೆ ಪಾದ್ರಿ ಕಾಲರು ಸಡಿಲಿಸಿಕೊಂಡು, ತೋಟದಲ್ಲಿ ಪ್ರಭು ಪ್ರಾರ್ಥಿಸುವಾಗ ಶಿಷ್ಯರೂ ನಿದ್ದೆ ಹೋಗಿರಲಿಲ್ಲವೇ ಎನ್ನುತ್ತಾರೆ. ಅತ್ತೆ, ಪಾಪ ಹುಡುಗ, ಎನ್ನುತ್ತಾಳೆ. ಯಾರೋ ನಗುತ್ತಾರೆ. ಕೊನೆಗೆ ಎಲ್ಲರೂ ಸೇರಿ, ಅವಳ ಪರವಾಗಿ, ಅದನ್ನೂ ಕ್ಷಮಿಸಿಬಿಡುತ್ತಾರೆ. ಹೊಡೆಯಲು ಎತ್ತಿದ್ದ ಆ ಕೈಯನ್ನೂ.

ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡಳು. ಸೇಲಾ ತೊಳೆದಿಟ್ಟ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿದಳು. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ತವಿತಾನಿಗಿಲ್ಲ, ಪಾದ್ರಿಗಿಲ್ಲ. ರಾತ್ರಿ ಎಲ್ಲರೂ ಪ್ರಾರ್ಥನೆಗೆ ತಲೆ ಬಾಗಿಸಿ ಕೂತಾಗ, ಮನಸ್ಸಿನೊಳಗೆ ಕೂಡ, ಮೇಲಿರುವವನಿಗೂ ಇಲ್ಲ.